ಟಾಪು ಮಡಚೋ ಹಳೇ ಬೆಂಜ್ ‘ಎಸ್‌ಎಲ್’: ಕೊಳ್ಳೋರು, ಮನೆಯಲ್ಲಿ ಇಟ್ಕೊಂಡಿರೋರು ತಿಳ್ಕೋಬೇಕಾದ ವಿಷಯ

ಗಿರಿನಗರ: ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟೋ ಕೆಲಸ ಗಿರಿನಗರ, ಹೊಸಕೆರೆಹಳ್ಳಿ, ಕತ್ರಿಗುಪ್ಪೆ ಸುತ್ತಮುತ್ತ ನಡೀತಾನೇ ಇದೆ. ಮನೆ ಖಾಲಿ ಮಾಡುವಾಗ ಬೀರು, ಮಂಚ, ಪಾತ್ರೆಗೆ ಏನು ಮಾಡಬೇಕು ಅನ್ನೋದು ಎಲ್ಲರಿಗೂ ಗೊತ್ತು. ಶೆಡ್ಡಿನಲ್ಲಿ ಕವರ್ ಹೊದ್ದು ನಿಂತಿರೋ ಹಳೇ ಕಾರಿನ ವಿಷಯ ಬಂದಾಗ ಮಾತ್ರ ತಲೆ ಓಡಲ್ಲ.

ಸಾಮಾನ್ಯವಾಗಿ ಆಗೋದು ಎರಡೇ ತಪ್ಪು. ಒಂದು, ‘ಜಾಗ ಖಾಲಿ ಆದ್ರೆ ಸಾಕು’ ಅಂತ ಗುಜರಿಗೆ ತೂಕದ ಲೆಕ್ಕದಲ್ಲಿ ಕೊಡೋದು. ಇನ್ನೊಂದು, ಪ್ರೀತಿ ಜಾಸ್ತಿಯಾಗಿ ಇಡೀ ಕಾರಿಗೆ ಹೊಸ ಪೇಂಟ್, ಹೊಸ ಸೀಟ್ ಹಾಕಿಸಿ ಹೊಳೆಯೋ ಹಾಗೆ ಮಾಡೋದು. ಎರಡರಲ್ಲೂ ಕಳೆದುಕೊಳ್ಳೋದು ಒಂದನ್ನೇ. ಅದು ಕಾರಿನ ಅಸಲಿತನ.

ಇದನ್ನ ಅರ್ಥ ಮಾಡಿಕೊಳ್ಳೋಕೆ ಒಳ್ಳೇ ಉದಾಹರಣೆ ಅಂದ್ರೆ ಸಂಗ್ರಹಕಾರರು ಹುಡುಕೋ ಜರ್ಮನಿಯ ಓಪನ್ ಟಾಪ್ ಕಾರು, ಮರ್ಸಿಡಿಸ್-ಬೆಂಜ್ ಎಸ್‌ಎಲ್. ಅದರಲ್ಲೂ ‘ಆರ್107’ ಅನ್ನೋ ತಲೆಮಾರು. ಈ ಕಾರು ಏನು, ಅಸಲಿ ಅಂತ ಕಂಡುಹಿಡಿಯೋದು ಹೇಗೆ, ನಮ್ಮ ಆರ್‌ಟಿಒ ಕಾನೂನು ಏನು ಹೇಳುತ್ತೆ, ಬೆಂಗಳೂರಿನ ಮಳೆ-ಧೂಳಿನಲ್ಲಿ ಇದನ್ನ ಉಳಿಸ್ಕೊಳ್ಳೋದು ಹೇಗೆ ಅನ್ನೋದರ ಪೂರ್ತಿ ಮಾಹಿತಿ ಇಲ್ಲಿದೆ.

ಏನಿದು ಆರ್107?

‘ಎಸ್‌ಎಲ್’ನಲ್ಲಿ ‘ಎಲ್’ ಅಂದ್ರೆ ಜರ್ಮನ್ ಭಾಷೆಯಲ್ಲಿ ಹಗುರ ಅಂತ ಅರ್ಥ. 1954ರಲ್ಲಿ ಬಾಗಿಲು ಮೇಲಕ್ಕೆ ತೆರೆಯೋ 300 ಎಸ್‌ಎಲ್ ಕೂಪೆ ಬಂತು. ಅದರ ಬೆನ್ನಿಗೆ 1955ರಲ್ಲಿ 190 ಎಸ್‌ಎಲ್, 1957ರಲ್ಲಿ 300 ಎಸ್‌ಎಲ್ ರೋಡ್‌ಸ್ಟರ್ ಬಂದವು. 1963ರಿಂದ 1971ರವರೆಗೆ ನಡೆದದ್ದು ಡಬ್ಲ್ಯು113. ಇದರ ಹಾರ್ಡ್‌ಟಾಪ್ ನಡುವೆ ತಗ್ಗಾಗಿ, ಎರಡೂ ಅಂಚು ಎತ್ತರವಾಗಿ ಬೌದ್ಧ ಗುಡಿಯ ಮಾಡಿನ ಹಾಗೆ ಕಾಣುತ್ತೆ. ಹಾಗಾಗಿ ಅದಕ್ಕೆ ‘ಪಗೋಡ’ ಅನ್ನೋ ಅಡ್ಡಹೆಸರು.

ಪಗೋಡದ ಜಾಗಕ್ಕೆ 1971ರಲ್ಲಿ ಬಂದದ್ದೇ ಆರ್107. 1989ರವರೆಗೆ, ಅಂದ್ರೆ ಸುಮಾರು 18 ವರ್ಷ ಇದನ್ನ ಸಿಂಡೆಲ್‌ಫಿಂಗನ್ ಕಾರ್ಖಾನೆಯಲ್ಲಿ ತಯಾರಿಸಿದರು. ಹೊರಬಂದ ಕಾರುಗಳು ಒಟ್ಟು 2,37,287. ಹೋಲಿಕೆಗೆ ಹೇಳೋದಾದ್ರೆ ಪಗೋಡ ಇದರ ಕಾಲು ಭಾಗಕ್ಕಿಂತ ಕಡಿಮೆ, ಸುಮಾರು 49 ಸಾವಿರ ಮಾತ್ರ. ಪಗೋಡ ಅಪರೂಪ, ಬೆಲೆಯೂ ಜಾಸ್ತಿ. ಆರ್107ಗೆ ಬಿಡಿಭಾಗ ಸಿಗುತ್ತೆ, ಕೆಲಸ ಗೊತ್ತಿರೋ ಮೆಕ್ಯಾನಿಕ್ ಕೂಡ ಸಿಗ್ತಾರೆ. ಮೊದಲ ಸಲ ಹಳೇ ಕಾರಿಗೆ ಕೈ ಹಾಕೋರು ಇದನ್ನೇ ಹುಡುಕೋಕೆ ಕಾರಣ ಅದೇ.

ಈ ಕಾರು ಹುಟ್ಟಿದ ಕಾಲವೂ ಸ್ವಲ್ಪ ವಿಚಿತ್ರ. ಕಾರು ಪಲ್ಟಿ ಹೊಡೆದರೆ ಒಳಗಿರೋರ ಗತಿ ಏನು ಅಂತ ಅಮೆರಿಕದಲ್ಲಿ ಸುರಕ್ಷತಾ ನಿಯಮ ಬಿಗಿ ಮಾಡ್ತಾ ಇದ್ದರು. ಓಪನ್ ಕಾರುಗಳಿಗೆ ಅಲ್ಲಿ ನಿಷೇಧವೇ ಬರಬಹುದು ಅನ್ನೋ ಭಯದಲ್ಲಿ ಎಷ್ಟೋ ಕಂಪನಿಗಳು ಅವುಗಳ ತಯಾರಿಕೆ ಬಿಟ್ಟವು. ಬೆಂಜ್ ಇಂಜಿನಿಯರ್‌ಗಳು ಮುಂದಿನ ಗಾಜಿನ ಎರಡೂ ಬದಿಯ ಕಂಬಗಳನ್ನೇ ಗಟ್ಟಿ ಮಾಡಿದರು. ಹಿಂದಿನ ದೀಪದ ಗಾಜನ್ನ ಏಣಿಯ ಮೆಟ್ಟಿಲಿನ ಹಾಗೆ ಗೀರು ಗೀರಾಗಿ ಮಾಡಿದರು. ಕೆಸರು ಎರಚಿದರೂ ಗೀರಿನ ಒಳಭಾಗ ಮುಚ್ಚಿಹೋಗಬಾರದು, ಹಿಂದೆ ಬರೋರಿಗೆ ಬ್ರೇಕ್ ಲೈಟ್ ಕಾಣ್ತಾ ಇರಬೇಕು ಅನ್ನೋದು ಉದ್ದೇಶ. ಇದು ಬರೀ ಶೋಕಿಗೆ ಮಾಡಿದ ವಿನ್ಯಾಸ ಅಂತ ತುಂಬ ಜನ ಅಂದ್ಕೊಂಡಿದ್ದಾರೆ.

ಯಾವ ಮಾದರಿ, ಯಾವ ಇಂಜಿನ್?

ಹೊರಗಿಂದ ನೋಡಿದ್ರೆ ಎಲ್ಲಾ ಆರ್107 ಒಂದೇ ಥರ. ಬೇರೆಯಾಗಿರೋದು ಇಂಜಿನ್.

- 350 ಎಸ್‌ಎಲ್: 1971ರಲ್ಲಿ ಮೊದಲು ಬಂದದ್ದು. 3.5 ಲೀಟರ್, ವಿ8.
- 450 ಎಸ್‌ಎಲ್: 4.5 ಲೀಟರ್, ವಿ8. ಅಮೆರಿಕದಲ್ಲಿ ತುಂಬಾ ಓಡಿದ ಮಾದರಿ.
- 280 ಎಸ್‌ಎಲ್: 1974ರಿಂದ. 2.8 ಲೀಟರ್, ಸಾಲಾಗಿ ಆರು ಸಿಲಿಂಡರ್. ಪೆಟ್ರೋಲ್ ದುಬಾರಿಯಾದ ಕಾಲಕ್ಕೆ ಬಂದದ್ದು.
- 380 ಮತ್ತು 500 ಎಸ್‌ಎಲ್: 1980ರಿಂದ. ಎರಡೂ ವಿ8.
- 300, 420 ಮತ್ತು 560 ಎಸ್‌ಎಲ್: 1985ರಿಂದ. ಇವುಗಳಲ್ಲಿ 300 ಆರು ಸಿಲಿಂಡರ್. 560 ಮಾರಾಟವಾದದ್ದು ಅಮೆರಿಕ, ಜಪಾನ್, ಆಸ್ಟ್ರೇಲಿಯಾದಂಥ ಕಡೆ.

ಮುಂದೆ ಒಂದೊಂದು ಬದಿಗೂ ಎರಡೆರಡು ದುಂಡು ಹೆಡ್‌ಲೈಟ್, ಉದ್ದಕ್ಕೆ ಚಾಚಿದ ದಪ್ಪ ಬಂಪರ್ ಇದ್ರೆ ಅದು ಅಮೆರಿಕಕ್ಕೆ ಮಾಡಿದ ಕಾರು. ಯುರೋಪಿನ ಕಾರಿಗೆ ಬದಿಗೊಂದೇ ದೊಡ್ಡ ಹೆಡ್‌ಲೈಟ್, ಮೈಗೆ ಅಂಟಿದ ತೆಳು ಬಂಪರ್.

ಟಾಪು ಎರಡು ಥರ. ಬಟ್ಟೆಯದು ಕೈಯಲ್ಲೇ ಮಡಚಿ, ಸೀಟಿನ ಹಿಂದಿನ ಲೋಹದ ಮುಚ್ಚಳದ ಕೆಳಗೆ ತಳ್ಳೋದು. ಹಾರ್ಡ್‌ಟಾಪ್ ಬೇರೆಯೇ ಇರುತ್ತೆ. ಅದನ್ನ ಕಳಚೋಕೆ ಇಬ್ಬರಾದ್ರೂ ಬೇಕು, ಒಬ್ಬರೇ ಎತ್ತೋಕೆ ಹೋದರೆ ಸೊಂಟ ಹಿಡಿಯೋದು ಗ್ಯಾರಂಟಿ. ಕೊಳ್ಳುವಾಗ ಎರಡೂ ಟಾಪು ಇದೆಯಾ ಅಂತ ಕೇಳಬೇಕು. ಹಾರ್ಡ್‌ಟಾಪ್ ಎಲ್ಲೋ ಅಟ್ಟದ ಮೇಲೆ ಮರೆತುಹೋಗಿರೋದು ಹೊಸದಲ್ಲ.

ಆಡುಗೋಡಿ ನಂಟು

ಈ ಕಾರಿಗೂ ದಕ್ಷಿಣ ಬೆಂಗಳೂರಿಗೂ ಒಂದು ದೂರದ ಸಂಬಂಧ ಇದೆ. ಆರ್107ನಲ್ಲಿ ಕಾರ್ಬ್ಯುರೇಟರ್ ಇಲ್ಲ, ಪೆಟ್ರೋಲ್ ಇಂಜೆಕ್ಷನ್ ಇದೆ. ಅದನ್ನ ಮಾಡಿಕೊಟ್ಟದ್ದು ಬಾಷ್ ಕಂಪನಿ. ಮೊದಲ ವರ್ಷಗಳ ಕಾರಿನಲ್ಲಿ ‘ಡಿ-ಜೆಟ್ರಾನಿಕ್’, 1970ರ ದಶಕದ ನಡುವಿನಿಂದ ‘ಕೆ-ಜೆಟ್ರಾನಿಕ್’, 1985ರ ಸುಧಾರಣೆಯ ನಂತರ ‘ಕೆಇ-ಜೆಟ್ರಾನಿಕ್’.

ಅದೇ ಬಾಷ್ 1951ರಲ್ಲಿ ಭಾರತದಲ್ಲಿ ಶುರು ಮಾಡಿದ ಕಂಪನಿ ಮೋಟಾರ್ ಇಂಡಸ್ಟ್ರೀಸ್, ಅಂದ್ರೆ ನಮ್ಮೆಲ್ಲರ ‘ಮೈಕೊ’. ಆಡುಗೋಡಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್, ಡೀಸೆಲ್ ಇಂಜೆಕ್ಷನ್ ಪಂಪ್ ತಯಾರಾಗ್ತಿತ್ತು. 2008ರಲ್ಲಿ ಮೈಕೊ ಹೆಸರು ಬಾಷ್ ಲಿಮಿಟೆಡ್ ಅಂತ ಬದಲಾಯಿತು. ಬಿಟಿಎಂ ಕಡೆಯ ಮೈಕೊ ಲೇಔಟ್ ಹೆಸರಿನಲ್ಲಿ ಆ ಕಾಲ ಇನ್ನೂ ಉಳಿದುಕೊಂಡಿದೆ.

ಆದ್ರೆ ಒಂದು ಎಚ್ಚರಿಕೆ. ಡೀಸೆಲ್ ಪಂಪ್ ಗೊತ್ತಿರೋರಿಗೆಲ್ಲ ಕೆ-ಜೆಟ್ರಾನಿಕ್ ಗೊತ್ತಿರುತ್ತೆ ಅಂತ ಅಲ್ಲ. ಒಳಗೆ ಹೋಗೋ ಗಾಳಿ ಒಂದು ತಟ್ಟೆಯನ್ನ ಎತ್ತುತ್ತೆ, ತಟ್ಟೆ ಎತ್ತಿದಷ್ಟು ಪೆಟ್ರೋಲ್ ಇಂಜೆಕ್ಟರ್‌ಗಳಿಗೆ ಹಂಚಿಕೆ ಆಗುತ್ತೆ. ಇದನ್ನ ಹೊಂದಿಸೋಕೆ ಪೆಟ್ರೋಲ್ ಒತ್ತಡ ಅಳೆಯೋ ಗೇಜ್ ಬೇಕೇ ಬೇಕು. ಗೇಜ್ ಇಲ್ಲದೆ ಸ್ಕ್ರೂ ತಿರುಗಿಸೋಕೆ ಹೋದ್ರೆ ಚೆನ್ನಾಗಿದ್ದ ಇಂಜಿನ್ ಕೂಡ ಹೊಗೆ ಉಗುಳೋಕೆ ಶುರು ಮಾಡುತ್ತೆ. ಗ್ಯಾರೇಜ್‌ಗೆ ಬಿಡೋ ಮುಂಚೆ ‘ಗೇಜ್ ಇದೆಯಾ ಅಣ್ಣ?’ ಅಂತ ಒಂದು ಮಾತು ಕೇಳಿದ್ರೆ ತಪ್ಪೇನಿಲ್ಲ.

‘ಚೆನ್ನಾಗಿ ಉಳಿದಿದೆ’ ಅಂದ್ರೆ ಏನು?

ಮಾರಾಟದ ಜಾಹೀರಾತಿನಲ್ಲಿ ಎರಡು ಪದ ಕಲಸಿಹೋಗಿರುತ್ತೆ. ‘ರಿಸ್ಟೋರ್ಡ್’ ಅಂದ್ರೆ ಹಾಳಾದದ್ದನ್ನ ಬಿಚ್ಚಿ ಮತ್ತೆ ಕಟ್ಟಿದ್ದು. ‘ಪ್ರಿಸರ್ವ್ಡ್’ ಅಂದ್ರೆ ಹಾಳಾಗೋಕೆ ಬಿಡದೆ ಇದ್ದ ಹಾಗೇ ಕಾಪಾಡಿದ್ದು. ಫ್ಯಾಕ್ಟರಿಯಲ್ಲಿ ಹೊಡೆದ ಪೇಂಟ್, ಅವತ್ತಿನ ಸೀಟು, ಅವತ್ತಿನ ಗಾಜು, ಅದೇ ನಂಬರಿನ ಇಂಜಿನ್ ಉಳಿದಿರಬೇಕು.

ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ‘ಫಿವಾ’ 2012ರಲ್ಲಿ ಟ್ಯುರಿನ್ ಚಾರ್ಟರ್ ಅನ್ನೋ ಸನದನ್ನ ಒಪ್ಪಿಕೊಂಡಿತು. ಅದರ ತಿರುಳು ಇಷ್ಟೇ: ಮೊದಲು ಉಳಿಸಿ, ಆಮೇಲೆ ರಿಪೇರಿ, ಪೂರ್ತಿ ಹೊಸದು ಮಾಡೋದು ಕೊನೇ ದಾರಿ. ಗೀರು ಬಿದ್ದ ಚರ್ಮದ ಸೀಟು ಕೂಡ ಕಾರಿನ ಚರಿತ್ರೆಯ ಭಾಗ ಅಂತ ಅವರ ಲೆಕ್ಕ.

ನಮ್ಮಲ್ಲಿ ಇದಕ್ಕೆ ಉಲ್ಟಾ ನಡೆಯುತ್ತೆ. ‘ಸಾರ್, ಒಂದು ಕೋಟ್ ಪೇಂಟ್ ಹೊಡೆದ್ರೆ ಶೋರೂಂ ಪೀಸ್ ಆಗುತ್ತೆ’ ಅಂತ ಟಿಂಕರಿಂಗ್ ಅಂಗಡಿಯಲ್ಲಿ ಹೇಳಿದ ತಕ್ಷಣ ತಲೆ ಆಡಿಸ್ತೀವಿ. ಹೊಸ ಪೇಂಟನ್ನ ಯಾವಾಗ ಬೇಕಾದ್ರೂ ಹೊಡೀಬಹುದು. ಮೊದಲಿನ ಪೇಂಟ್ ಹೋದ್ರೆ ಹೋಯಿತು.

ಅಸಲಿ ಅಂತ ಪತ್ತೆ ಹಚ್ಚೋದು ಹೀಗೆ

ಚಾಸಿಸ್ ನಂಬರ್: ಇದೇ ಕಾರಿನ ಜಾತಕ. 1970ರ ದಶಕದ ಕಾರಿನಲ್ಲಿ ನಂಬರ್ 107ರಿಂದ ಶುರುವಾಗುತ್ತೆ. ಮುಂದಿನ ಮೂರು ಅಂಕಿ ಮಾದರಿ: 042 ಇದ್ರೆ 280 ಎಸ್‌ಎಲ್, 043 ಇದ್ರೆ 350, 044 ಇದ್ರೆ 450. ಏಳನೇ ಅಂಕಿ 1 ಆದ್ರೆ ಸ್ಟೀರಿಂಗ್ ಎಡಕ್ಕೆ, 2 ಆದ್ರೆ ಬಲಕ್ಕೆ. ಎಂಟನೇ ಅಂಕಿ 2 ಆದ್ರೆ ಆಟೋಮ್ಯಾಟಿಕ್ ಗೇರ್. ಅಂದ್ರೆ 107 044 22 ಅಂತ ಇದ್ರೆ ಅದು ಬಲಗಡೆ ಸ್ಟೀರಿಂಗ್‌ನ, ಆಟೋಮ್ಯಾಟಿಕ್ 450 ಎಸ್‌ಎಲ್. ನಂಬರ್ ‘1’ ಹೇಳ್ತಿದ್ದು, ಸ್ಟೀರಿಂಗ್ ಬಲಕ್ಕೆ ಇದ್ರೆ ಯಾರೋ ಬದಲಾಯಿಸಿದ್ದಾರೆ ಅಂತ ಅರ್ಥ. 1980ರ ದಶಕದಲ್ಲಿ 17 ಅಕ್ಷರದ ನಂಬರ್ ಬಂತು. ಅಮೆರಿಕದ ಕಾರುಗಳಲ್ಲಿ ಅದರ ಕ್ರಮ ಬೇರೆ.

ಡೇಟಾ ಕಾರ್ಡ್: ಕಾರು ಫ್ಯಾಕ್ಟರಿ ಬಿಟ್ಟಾಗ ಯಾವ ಬಣ್ಣ, ಯಾವ ಸೀಟು, ಯಾವ ಇಂಜಿನ್ ನಂಬರ್ ಇತ್ತು ಅಂತ ಬರೆದ ಕಾಗದ. ಕಾರಿನಲ್ಲಿ ಇರೋದನ್ನ ಇದರ ಜತೆ ಒಂದೊಂದಾಗಿ ತಾಳೆ ನೋಡಬೇಕು. ಪೇಂಟ್ ಕೋಡ್ ಬಿಳಿ ಅಂತ ಹೇಳಿ ಕಾರು ಕೆಂಪಗಿದ್ರೆ ‘ಒರಿಜಿನಲ್ ಪೇಂಟ್’ ಅನ್ನೋ ಮಾತು ಸುಳ್ಳು.

ಪೇಂಟ್ ದಪ್ಪ: ಅಳೆಯೋ ಪುಟ್ಟ ಯಂತ್ರ ಸಿಗುತ್ತೆ. ಫ್ಯಾಕ್ಟರಿ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು. ಒಂದು ಕಡೆ ಅಷ್ಟಿದ್ದು ಇನ್ನೊಂದು ಕಡೆ ಅದರ ಎರಡು ಮೂರು ಪಟ್ಟು ತೋರಿಸಿದ್ರೆ ಅಲ್ಲಿ ಮತ್ತೆ ಪೇಂಟ್ ಆಗಿದೆ. ಅದಕ್ಕೂ ಮೀರಿದ್ರೆ ಕೆಳಗೆ ಪಟ್ಟಿ ಮೆತ್ತಿದ್ದಾರೆ.

ಅಯಸ್ಕಾಂತ: ಯಂತ್ರ ಇಲ್ಲದಿದ್ರೆ ಫ್ರಿಡ್ಜ್ ಮೇಲಿನ ಅಯಸ್ಕಾಂತವನ್ನ ತೆಳು ಬಟ್ಟೆಯಲ್ಲಿ ಸುತ್ತಿ ಬಾಡಿಗೆ ಹಿಡಿದು ನೋಡಬಹುದು. ಪಟ್ಟಿ ದಪ್ಪ ಇರೋ ಕಡೆ ಅದು ನಿಲ್ಲಲ್ಲ. ಆದ್ರೆ ಪಗೋಡದಲ್ಲಿ ಬಾಗಿಲು, ಬಾನೆಟ್, ಡಿಕ್ಕಿ ಮುಚ್ಚಳ ಅಲ್ಯೂಮಿನಿಯಂ. 1980ರ ನಂತರದ ಕೆಲವು ಆರ್107 ಬಾನೆಟ್ ಕೂಡ ಹಾಗೇ. ಅಲ್ಲಿ ಅಯಸ್ಕಾಂತ ಹಿಡಿಯಲಿಲ್ಲ ಅಂತ ಮಾರೋರ ಜತೆ ಜಗಳಕ್ಕೆ ಇಳೀಬಾರದು.

ತುಕ್ಕು ಎಲ್ಲಿ ಅಡಗಿರುತ್ತೆ?

ಆರ್107ಗೆ ಇಂಜಿನ್‌ಗಿಂತ ದೊಡ್ಡ ಶತ್ರು ತುಕ್ಕು. ಇಂಜಿನ್ ಬಿಚ್ಚಿ ಕಟ್ಟಬಹುದು. ಓಪನ್ ಕಾರಿಗೆ ಮೇಲ್ಛಾವಣಿಯ ಬಲ ಇರಲ್ಲ. ಇಡೀ ಬಲ ಕೆಳಗಿನ ತಳದಲ್ಲೇ ಇರುತ್ತೆ. ತಳ ತುಕ್ಕು ಹಿಡಿದರೆ ಕಾರು ನಡು ಮುರಿದ ಹಾಗೆ.

ನೋಡಲೇಬೇಕಾದ ಜಾಗಗಳು:

- ಮುಂದಿನ ಗಾಜಿನ ಕೆಳಗೆ, ಇಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ. ಎಲೆ-ಕಸ ಸೇರಿ ನೀರು ಹೋಗೋ ತೂತು ಮುಚ್ಚಿದ್ರೆ ನೀರು ಅಲ್ಲೇ ನಿಂತು ಕೊರೆಯುತ್ತೆ. ಇಲ್ಲಿ ತುಕ್ಕು ತೆಗೆಯೋಕೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು. ಈ ಕಾರಿನ ಅತಿ ದುಬಾರಿ ರಿಪೇರಿಗಳಲ್ಲಿ ಇದೂ ಒಂದು.
- ಜಾಕ್ ಕೊಡೋ ಜಾಗ ಮತ್ತು ಬಾಗಿಲ ಕೆಳಗಿನ ಪಟ್ಟಿ.
- ನಾಲ್ಕೂ ಚಕ್ರದ ಮೇಲಿನ ಕಮಾನು.
- ಡಿಕ್ಕಿಯಲ್ಲಿ ಸ್ಟೆಪ್ನಿ ಕೂರೋ ಗುಂಡಿ. ಕಾರ್ಪೆಟ್ ಎತ್ತಿ ನೋಡಬೇಕು.
- ಮುಂದಿನ ಸಬ್‌ಫ್ರೇಮ್‌ನಲ್ಲಿ ಬಿರುಕು. ಮೊದಲ ವರ್ಷಗಳ ಕಾರಿನಲ್ಲಿ ಇದು ಜಾಸ್ತಿ.

ಬೆಂಗಳೂರಿನಲ್ಲೇ ಬೆಳೆದ ಕಾರಿಗೂ ಮಂಗಳೂರು, ಮುಂಬೈ, ಚೆನ್ನೈನಿಂದ ಬಂದ ಕಾರಿಗೂ ವ್ಯತ್ಯಾಸ ಇದೆ. ಸಮುದ್ರದ ಉಪ್ಪು ಗಾಳಿ ಕಬ್ಬಿಣವನ್ನ ಬೇಗ ತಿನ್ನುತ್ತೆ. ಕಾರು ಇಷ್ಟು ವರ್ಷ ಎಲ್ಲಿ ನಿಂತಿತ್ತು ಅನ್ನೋದನ್ನ ಕಿಲೋಮೀಟರ್‌ಗಿಂತ ಮೊದಲು ಕೇಳಬೇಕು.

ಆರ್‌ಟಿಒ ಏನು ಹೇಳುತ್ತೆ? 50 ವರ್ಷದ ಗೆರೆ

ಇಲ್ಲಿಂದ ಮುಂದೆ ವಿಷಯ ಜೇಬಿಗೆ ಸಂಬಂಧಿಸಿದ್ದು.

ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ತಂದು ‘ವಿಂಟೇಜ್’ ಅಂದ್ರೆ ಏನು ಅಂತ ಗೆರೆ ಎಳೆಯಿತು. ಮೊದಲ ಮಾರಾಟವಾಗಿ 50 ವರ್ಷ ದಾಟಿರಬೇಕು. ಚಾಸಿಸ್, ಬಾಡಿ, ಇಂಜಿನ್‌ನಲ್ಲಿ ಭಾರೀ ಬದಲಾವಣೆ ಆಗಿರಬಾರದು. ವ್ಯಾಪಾರಕ್ಕಲ್ಲದೆ ಸ್ವಂತಕ್ಕೆ ಇಟ್ಟುಕೊಂಡಿರಬೇಕು. ಗೆರೆ ದಾಟಿದ ಕಾರಿಗೆ ‘ವಿಎ’ ಅಕ್ಷರ ಇರೋ ಹೊಸ ಸರಣಿಯ ನಂಬರ್ ಸಿಗುತ್ತೆ. ಮೊದಲೇ ನೋಂದಣಿ ಆಗಿದ್ದ ಕಾರು ತನ್ನ ಹಳೇ ನಂಬರನ್ನೇ ಇಟ್ಟುಕೊಳ್ಳಬಹುದು. ‘ಕೆಎ’ ಬರೋಕೆ ಮುಂಚಿನ ‘ಎಂವೈ’, ‘ಎಂಇ’, ‘ಸಿಎ’ ಸರಣಿಯ ನಂಬರ್ ಇರೋರಿಗೆ ಇದು ದೊಡ್ಡ ಸಮಾಧಾನ.

ಶುಲ್ಕ ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ. ಆಮೇಲಿನ ಮರುನೋಂದಣಿಗೆ 5,000 ರೂಪಾಯಿ. ಬದಲಿಗೆ ಒಂದು ಷರತ್ತು. ದಿನಾ ಆಫೀಸಿಗೆ, ತರಕಾರಿಗೆ ಓಡಿಸೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸೋದು, ರಿಪೇರಿ, ಸಂಶೋಧನೆ, ಇಂಥವಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು.

ಈಗ ಆರ್107 ಲೆಕ್ಕ ನೋಡಿ. ತಯಾರಾದದ್ದು 1971ರಿಂದ 1989. 2026ರ ಲೆಕ್ಕ ಹಿಡಿದರೆ 1976ಕ್ಕೆ ಮುಂಚೆ ಮಾರಾಟವಾದ ಕಾರು ಗೆರೆಯ ಒಳಗೆ. 1986ರ ಕಾರು ಗೆರೆಯ ಹೊರಗೆ, ಅದು ಇನ್ನೂ 10 ವರ್ಷ ಕಾಯಬೇಕು.

ಹೊರಗಿರೋ ಕಾರಿಗೆ ಮಾಮೂಲಿ ನಿಯಮ. ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2025ರ ಆಗಸ್ಟ್‌ನಲ್ಲಿ ಕೇಂದ್ರ ಹೊರಡಿಸಿದ ಅಧಿಸೂಚನೆಯಲ್ಲಿ 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 10,000 ರೂಪಾಯಿ ಆಗಿದೆ. ಆಮದಾದ ನಾಲ್ಕು ಚಕ್ರದ ವಾಹನ ಆದ್ರೆ 80,000 ರೂಪಾಯಿ. ತೆರಿಗೆ, ಹಸಿರು ತೆರಿಗೆ, ಫಿಟ್ನೆಸ್ ಖರ್ಚು ಬೇರೆ.

ಅಂದ್ರೆ 1975ರ ಎಸ್‌ಎಲ್‌ಗೆ 10 ವರ್ಷಕ್ಕೆ 20,000. ಅದರ ತಮ್ಮ, 1986ರ ಎಸ್‌ಎಲ್‌ಗೆ ಐದೇ ವರ್ಷಕ್ಕೆ 80,000. ಕಾರು ತೋರಿಸಿ ಬೆಲೆ ಹೇಳುವಾಗ ಈ ಲೆಕ್ಕವನ್ನ ಯಾರೂ ಬಾಯಿ ಬಿಟ್ಟು ಹೇಳಲ್ಲ.

ಈ ಕಾರು ಹುಟ್ಟಿದ ಜರ್ಮನಿಯಲ್ಲಿ 30 ವರ್ಷ ದಾಟಿ ಮೂಲ ರೂಪದಲ್ಲಿದ್ರೆ ನಂಬರ್ ಕೊನೆಗೆ ‘ಎಚ್’ ಅಕ್ಷರ ಕೊಡ್ತಾರೆ, ತೆರಿಗೆಯಲ್ಲೂ ಅನುಕೂಲ ಇದೆ. ಆ ವ್ಯವಸ್ಥೆ 1997ರಿಂದ ಇದೆ. ಫಿವಾ ಕೂಡ 30 ವರ್ಷವನ್ನೇ ಒಪ್ಪುತ್ತೆ. ನಮ್ಮಲ್ಲಿ 30ರಿಂದ 50ರ ನಡುವಿನ ಕಾರು ಅತ್ತ ಚರಿತ್ರೆಯೂ ಅಲ್ಲ, ಇತ್ತ ಮಾಮೂಲಿ ಗಾಡಿಯೂ ಅಲ್ಲ. ಗುಜರಿಗೆ ಹೋಗೋ ಅಪಾಯ ಜಾಸ್ತಿ ಇರೋದು ಈ 20 ವರ್ಷದ ಸಂದಿನಲ್ಲೇ.

ಒಂದು ತಪ್ಪು ತಿಳಿವಳಿಕೆ ಬಗ್ಗೆಯೂ ಹೇಳಬೇಕು. ‘15 ವರ್ಷ ಆಯ್ತು, ಇನ್ನು ಓಡಿಸೋ ಹಾಗಿಲ್ಲ’ ಅನ್ನೋದು ದೆಹಲಿ ಕಡೆಯ ನಿಯಮ ಕೇಳಿ ಹಬ್ಬಿದ ಮಾತು. ಕರ್ನಾಟಕದಲ್ಲಿ ಫಿಟ್ನೆಸ್ ಪಾಸಾಗಿ ನವೀಕರಣ ಆದ್ರೆ ಖಾಸಗಿ ಕಾರು ಓಡಿಸಬಹುದು.

ಕಾಗದ ಇಲ್ಲದ ಬೆಂಜ್, ಬೆಂಜ್ ಅಲ್ಲ

ಬೆಂಜ್ ಭಾರತದಲ್ಲಿ ಕಾರು ಜೋಡಿಸೋಕೆ ಶುರು ಮಾಡಿದ್ದು 1995ರಲ್ಲಿ, ಪುಣೆಯಲ್ಲಿ. ಹಾಗಾಗಿ ಇಲ್ಲಿ ಕಾಣೋ ಪ್ರತಿ ಆರ್107 ಕೂಡ ಹೊರದೇಶದಿಂದಲೇ ಬಂದದ್ದು. ಆ ಕಾಲದಲ್ಲಿ ದಾರಿ ಕೆಲವೇ ಇದ್ದವು. ರಾಯಭಾರ ಕಚೇರಿಯವರು ತಂದ ಕಾರುಗಳನ್ನ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೂಲಕ ಮಾರ್ತಿದ್ದರು. ವಿದೇಶದಲ್ಲಿದ್ದು ವಾಪಸ್ ಬಂದವರು ಸುಂಕ ಕಟ್ಟಿ ತರ್ತಿದ್ದರು.

ಎರಡರಲ್ಲೂ ಕಾಗದ ಹುಟ್ಟುತ್ತೆ. ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ, ಸುಂಕ ಕಟ್ಟಿದ ರಸೀದಿ, ಮೊದಲ ಆರ್‌ಸಿ. ಇವು ಇಲ್ಲದ ಕಾರನ್ನ ‘ಆಮೇಲೆ ಮಾಡಿಸಿಕೊಡ್ತೀವಿ’ ಅನ್ನೋ ಮಾತು ನಂಬಿ ತಗೊಳ್ಳೋದು ಬೇಡ. 2025ರ ಸೆಪ್ಟೆಂಬರ್‌ನಲ್ಲಿ ಕಸ್ಟಮ್ಸ್ ಇಲಾಖೆ ಕೇರಳದಲ್ಲಿ ‘ಆಪರೇಷನ್ ನುಮ್‌ಖೋರ್’ ಹೆಸರಿನಲ್ಲಿ ದಾಳಿ ಮಾಡಿ ಹತ್ತಾರು ದುಬಾರಿ ವಾಹನ ಜಪ್ತಿ ಮಾಡಿತ್ತು. ಭೂತಾನ್ ದಾರಿಯಲ್ಲಿ ತಂದು ಸುಳ್ಳು ದಾಖಲೆ ಮೇಲೆ ನೋಂದಣಿ ಮಾಡಿಸಿದ್ದಾರೆ ಅನ್ನೋದು ಆರೋಪ. ಇಂಥ ಕಾರು ಕೈ ಬದಲಾಗಿದ್ರೆ ದುಡ್ಡೂ ಹೋಗುತ್ತೆ, ಕಾರೂ ಹೋಗುತ್ತೆ.

ವಿದೇಶದಿಂದ ಈಗ ಹಳೇ ಕಾರು ತರಿಸಬಹುದಾ? ಮೊದಲು 1950ಕ್ಕೆ ಮುಂಚಿನ ಕಾರಿಗೆ ಮಾತ್ರ ಮುಕ್ತ ಅವಕಾಶ ಇತ್ತು. 2025ರಲ್ಲಿ ಅದನ್ನ 50 ವರ್ಷ ದಾಟಿದ ಕಾರು ಅಂತ ಬದಲಾಯಿಸಿದರು. ಹಾಗಾಗಿ ಆರಂಭದ ವರ್ಷಗಳ ಆರ್107ಗೂ ಬಾಗಿಲು ತೆರೆದಿದೆ. ಆದ್ರೆ ಕಸ್ಟಮ್ಸ್ ಸುಂಕ ಕಾರಿನ ಬೆಲೆಯನ್ನೇ ಮೀರಬಹುದು. ಲೆಕ್ಕ ಹಾಕಿಯೇ ಕೈ ಹಾಕಬೇಕು.

ಎಡಗಡೆ ಸ್ಟೀರಿಂಗ್ ಕಾರಿನ ಬಗ್ಗೆ ಮೋಟಾರು ವಾಹನ ಕಾಯ್ದೆಯ 120ನೇ ಸೆಕ್ಷನ್ ಹೇಳುತ್ತೆ. ನಿಗದಿ ಮಾಡಿದ ಸಿಗ್ನಲ್ ಸಾಧನ ಕೆಲಸ ಮಾಡ್ತಿದ್ರೆ ಮಾತ್ರ ಅದನ್ನ ರಸ್ತೆಗೆ ಇಳಿಸಬಹುದು. ಬೇರೆ ರಾಜ್ಯದ ನಂಬರ್ ಇರೋ ಕಾರು ಇಲ್ಲಿ 12 ತಿಂಗಳು ಮೀರಿ ಇರೋದಾದ್ರೆ ಇಲ್ಲಿನ ನಂಬರ್ ಮಾಡಿಸಲೇಬೇಕು. ಅದಕ್ಕೆ ಆ ರಾಜ್ಯದ ಎನ್‌ಒಸಿ ಬೇಕು.

ಅಪ್ಪನ ಕಾರು, ತಾತನ ಕಾರು ಆದ್ರೆ?

ಮಾಲೀಕರು ತೀರಿಕೊಂಡು ಕಾರು ಅವರ ಹೆಸರಿನಲ್ಲೇ ಉಳಿದಿರೋದು ಎಷ್ಟೋ ಮನೆಯ ಕಥೆ. ನಿಯಮದ ಪ್ರಕಾರ ವಾರಸುದಾರರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಮೂರು ತಿಂಗಳೊಳಗೆ ಫಾರಂ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಜತೆಗಿರಬೇಕು. ಅವಧಿ ಮೀರಿದ್ರೂ ಸುಮ್ಮನೆ ಕೂರೋ ಬದಲು ಹೋಗಿ ಕೇಳಿ, ತಡವಾದದ್ದಕ್ಕೆ ಏನು ಕಟ್ಟಬೇಕೋ ಕಟ್ಟೋದು ಮೇಲು. ಆರ್‌ಸಿ ಕಳೆದುಹೋಗಿದ್ರೆ ಪೊಲೀಸ್ ದೂರು ಕೊಟ್ಟು ಫಾರಂ 26ರಲ್ಲಿ ನಕಲು ಕೇಳಬಹುದು.

ಅಣ್ಣ-ತಮ್ಮಂದಿರು, ಅಕ್ಕ-ತಂಗಿಯರು ಬೇರೆ ಬೇರೆ ಊರಿಗೆ, ದೇಶಕ್ಕೆ ಹೋಗೋ ಮುಂಚೆ ಈ ಕೆಲಸ ಮುಗಿಸ್ಕೋಬೇಕು. ಸಹಿ ಸಿಗದೆ ಶೆಡ್ಡಿನಲ್ಲೇ ಕೊಳೆಯೋದು ಬಹಳ ಕಾರುಗಳ ಗತಿ.

ಗಿರಿನಗರದ ಮನೆಯಲ್ಲಿ ಇಟ್ಕೊಳ್ಳೋದು ಹೇಗೆ?

ಮಳೆ: ಬಟ್ಟೆಯ ಟಾಪು ಒದ್ದೆ ಇದ್ದಾಗ ಮಡಚಬಾರದು. ಒಳಗೇ ಬೂಸ್ಟು ಹಿಡಿಯುತ್ತೆ. ತಿಂಗಳುಗಟ್ಟಲೆ ಮಡಚೇ ಇಟ್ರೂ ಮಡಿಕೆಯಲ್ಲಿ ಬಟ್ಟೆ ಬಿರಿಯುತ್ತೆ, ಹಿಂದಿನ ಪ್ಲಾಸ್ಟಿಕ್ ಕಿಟಕಿ ಮಬ್ಬಾಗುತ್ತೆ. ಮನೆ ಮುಂದೆ ಹೊಂಗೆ ಮರ, ಗುಲ್‌ಮೊಹರ್ ಇದ್ರೆ ಗಾಜಿನ ಕೆಳಗಿನ ಜಾಲರಿಯಲ್ಲಿ ಎಲೆ, ಹೂವು ಸೇರದ ಹಾಗೆ ವಾರಕ್ಕೊಮ್ಮೆ ತೆಗೀಬೇಕು.

ಕವರ್: ಪ್ಲಾಸ್ಟಿಕ್ ಟಾರ್ಪಾಲು ಬೇಡ. ಒಳಗಿನ ತೇವ ಹೊರಗೆ ಹೋಗದೆ ಪೇಂಟ್ ಗುಳ್ಳೆ ಏಳುತ್ತೆ. ಗಾಳಿ ಆಡೋ ಬಟ್ಟೆಯ ಕವರ್ ಇರಲಿ.

ಇಲಿ: ನಿಂತ ಕಾರಿನ ವೈರಿಂಗ್, ಸೀಟಿನ ಸ್ಪಂಜು ಇಲಿಗಳಿಗೆ ಹಬ್ಬ. ಹದಿನೈದು ದಿನಕ್ಕೊಮ್ಮೆ ಬಾನೆಟ್ ಎತ್ತಿ ನೋಡಬೇಕು.

ಪೆಟ್ರೋಲ್: ಶೇ 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್‌ಗೆ 2023ರ ಫೆಬ್ರುವರಿಯಲ್ಲಿ ಚಾಲನೆ ಸಿಕ್ಕಿದ್ದು ಇದೇ ಬೆಂಗಳೂರಿನಲ್ಲಿ. ಈಗ ಹೆಚ್ಚಿನ ಬಂಕಿನಲ್ಲಿ ಸಿಗೋದು ಅದೇ. ಎಥೆನಾಲ್ ಗಾಳಿಯ ತೇವ ಹೀರುತ್ತೆ, ಹಳೇ ಕಾಲದ ರಬ್ಬರ್ ಪೈಪು, ಸೀಲುಗಳನ್ನ ಮೆತ್ತಗೆ ಮಾಡುತ್ತೆ. ಆರ್107 ಹುಟ್ಟಿದಾಗ ಇಂಥ ಪೆಟ್ರೋಲ್ ಲೆಕ್ಕದಲ್ಲೇ ಇರಲಿಲ್ಲ. ಎಥೆನಾಲ್ ತಡೆಯೋ ಹೊಸ ಪೈಪು ಹಾಕಿಸಬೇಕು. ತಿಂಗಳುಗಟ್ಟಲೆ ಓಡಿಸದಿದ್ರೆ ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್ ಬಿಡಬಾರದು. ಇಂಜಿನ್ ಬಿಸಿ, ಪೈಪು ಹಳೇದು, ಪೆಟ್ರೋಲ್ ಸೋರಿಕೆ ಮೂರೂ ಸೇರಿದ್ರೆ ಬೆಂಕಿ. ಇಲ್ಲಿ ಅಸಲಿ ಪೈಪೇ ಬೇಕು ಅಂತ ಹಠ ಹಿಡಿಯೋದು ತಪ್ಪು.

ಟೈರು: ಗುಂಡಿ ಆಳ ಚೆನ್ನಾಗಿದ್ರೆ ಸಾಲದು. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ತುಂಬಾ ಹಳೇದಾದ್ರೆ ಬದಲಾಯಿಸಬೇಕು.

ಟೈಮಿಂಗ್ ಚೈನ್: ವಿ8 ಕಾರಿನಲ್ಲಿ ಚೈನನ್ನ ಹಿಡಿದಿಡೋ ಪ್ಲಾಸ್ಟಿಕ್ ಪಟ್ಟಿ ವಯಸ್ಸಿಗೆ ಪುಡಿಯಾಗುತ್ತೆ. ಅದು ಮುರಿದು ಚೈನ್ ಜಾರಿದ್ರೆ ಇಂಜಿನ್ ಹೋದ ಹಾಗೆ. ಅಮೆರಿಕದ ಶುರುವಿನ 380 ಎಸ್‌ಎಲ್‌ಗಳಲ್ಲಿ ಒಂಟಿ ಸಾಲಿನ ಚೈನ್ ಇತ್ತು. ಅದನ್ನ ಜೋಡಿ ಸಾಲಿಗೆ ಬದಲಾಯಿಸಿದ್ದಾರಾ ಅಂತ ಕೇಳಬೇಕು.

ಬಿಡಿಭಾಗ: ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಬಲ್ಬು, ಪೈಪು, ಬೇರಿಂಗ್‌ನಂಥ ಸಾಮಾನ್ಯ ಸಾಮಾನು ಹೊಂದಿಸ್ಕೋಬಹುದು. ಬಾಡಿ, ಟ್ರಿಮ್, ಗಾಜು ಹೊರಗಿಂದಲೇ ಬರಬೇಕು. ಬೆಂಜ್ ಕಂಪನಿಯೇ ಹಳೇ ಕಾರುಗಳಿಗೆ ಅಂತ ಪ್ರತ್ಯೇಕ ವಿಭಾಗ ಇಟ್ಟು ಬಿಡಿಭಾಗ ಮಾಡಿಕೊಡುತ್ತೆ. ಬಿಚ್ಚಿ ತೆಗೆದ ಹಳೇ ಭಾಗವನ್ನ ಬಿಸಾಡಬಾರದು. ಹೆಸರು ಬರೆದು ಡಬ್ಬದಲ್ಲಿ ಇಡಬೇಕು.

ನೋಡೋಕೆ ಎಲ್ಲಿ ಹೋಗಬೇಕು?

ಕೊಳ್ಳೋ ಮುಂಚೆ ಕಣ್ಣು ಪಳಗಬೇಕು. ನಾಯಂಡಹಳ್ಳಿಯಿಂದ ಮೈಸೂರು ರಸ್ತೆ ಹಿಡಿದ್ರೆ ಶ್ರೀರಂಗಪಟ್ಟಣದ ಹತ್ತಿರ ‘ಪಯಣ’ ಅನ್ನೋ ಕಾರು ಸಂಗ್ರಹಾಲಯ ಇದೆ. ಧರ್ಮಸ್ಥಳಕ್ಕೆ ಹೋಗೋರು ಅಲ್ಲಿನ ಹಳೇ ಕಾರುಗಳ ಸಂಗ್ರಹ ನೋಡಬಹುದು. ಎರಡರ ಹಿಂದೆಯೂ ಇರೋದು ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆ ಅವರ ಆಸಕ್ತಿ. ಬೆಂಗಳೂರಿನಲ್ಲಿ ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಇದೆ. ಇಂಥ ಕ್ಲಬ್‌ಗಳ ರ‍್ಯಾಲಿ ನಡೆದಾಗ ಮಾಲೀಕರ ಹತ್ತಿರ ನಿಂತು ಮಾತಾಡಿದ್ರೆ ಪುಸ್ತಕದಲ್ಲಿ ಸಿಗದ ವಿಷಯ ಸಿಗುತ್ತೆ. ಹಳೇ ಕಾರು ಇಟ್ಕೊಂಡೋರು ಅದರ ಬಗ್ಗೆ ಮಾತಾಡೋಕೆ ಬೇಸರ ಪಡೋದು ಕಡಿಮೆ.

ದುಡ್ಡು ಕೊಡೋ ಮುಂಚೆ, ಕೊನೇ ಸಲ

1. ಆರ್‌ಸಿ, ಬಿಲ್ ಆಫ್ ಎಂಟ್ರಿ, ಸುಂಕದ ರಸೀದಿ ಮೂರೂ ಇದೆಯಾ?
2. ಚಾಸಿಸ್, ಇಂಜಿನ್ ನಂಬರ್ ಆರ್‌ಸಿ ಜತೆ, ಡೇಟಾ ಕಾರ್ಡ್ ಜತೆ ಹೊಂದುತ್ತಾ?
3. ಮೊದಲ ಮಾರಾಟವಾದ ವರ್ಷ ಯಾವುದು? 50ರ ಗೆರೆಯ ಒಳಗಾ, ಹೊರಗಾ?
4. ಗಾಜಿನ ಕೆಳಗಿನ ಗೋಡೆ, ಜಾಕ್ ಪಾಯಿಂಟ್, ಡಿಕ್ಕಿ ತಳ ಕಣ್ಣಾರೆ ನೋಡಾಯ್ತಾ?
5. ಎರಡೂ ಟಾಪು, ಟೂಲ್ ಕಿಟ್, ಮಾಲೀಕರ ಕೈಪಿಡಿ ಇದೆಯಾ?
6. ಇನ್ಶೂರೆನ್ಸ್ ಕಂಪನಿ ಒಪ್ಪಿದ ಮೌಲ್ಯಕ್ಕೆ ಪಾಲಿಸಿ ಕೊಡುತ್ತಾ ಅಂತ ವಿಚಾರಿಸಾಯ್ತಾ?

ಇನ್ನು ಕೊಳ್ಳೋ ಯೋಚನೆ ಇಲ್ಲದೆ, ಮನೆಯಲ್ಲೇ ಒಂದು ಹಳೇ ಕಾರು ನಿಂತಿರೋರು ಮಾಡಬೇಕಾದ ಕೆಲಸ ಇನ್ನೂ ಸುಲಭ. ಅದು ಬೆಂಜೇ ಆಗಬೇಕಿಲ್ಲ, ಅಂಬಾಸಿಡರ್ ಆಗಲಿ, ಪದ್ಮಿನಿ ಆಗಲಿ. ಗುಜರಿಯವರಿಗೂ ಪೇಂಟರ್‌ಗೂ ಫೋನ್ ಮಾಡೋ ಮುಂಚೆ ಬೀರು ತೆಗೆದು ಆರ್‌ಸಿ ಹುಡುಕಿ. ಅದು ಸಿಕ್ಕಿದ್ರೆ ಅರ್ಧ ಕಾರು ಉಳಿದ ಹಾಗೆ.